ಆಳವಾದ ಗೂಡು, ಅಡಗಿದ ಡಬ್ಬಿ

ಹೊಸ ಮನೆಯನ್ನು ನೋಡಲು ಬಂದವರು ನಡುಮನೆಯ ಬೆಳಕನ್ನು ಹೊಗಳುತ್ತಾರೆ. ದೇವರ ಮನೆಯ ಮುಂದೆ ನಿಂತು ಕೈ ಮುಗಿಯುತ್ತಾರೆ. ಅಡಿಗೆಯ ಮನೆಯ ಕಲ್ಲಿನ ನುಣುಪನ್ನು ಮುಟ್ಟಿ ನೋಡುತ್ತಾರೆ. ಉಗ್ರಾಣದ ಬಾಗಿಲನ್ನು ತೆರೆದು ನೋಡಿದವರನ್ನು ನಾನು ಕಂಡಿಲ್ಲ. ಆದರೆ ಗೃಹಸ್ಥನ ನೆಮ್ಮದಿಯು ದಿನಕ್ಕೆ ಹತ್ತು ಸಲ ಪರೀಕ್ಷೆಗೆ ಒಳಗಾಗುವುದು ಆ ಬಾಗಿಲಿನ ಹಿಂದೆಯೇ. ಹೋದ ತಿಂಗಳು ಈ ಪುಟದಲ್ಲಿ ಮನೆಯ ನೀರಿನ ತೊಟ್ಟಿಯ ಶುಚಿಯನ್ನು ಕುರಿತು ಬರೆದಿದ್ದೆನು. ಈ ತಿಂಗಳು ಉಗ್ರಾಣದ ವಿಚಾರ. ಇದರಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿರುವುದರಿಂದ ವಾಚಕರು ಸೈರಣೆಯಿಂದ ಓದಬೇಕೆಂದು ಬೇಡುತ್ತೇನೆ.

ನಮ್ಮ ಹಿರಿಯರ ಮನೆಯಲ್ಲಿ ಉಗ್ರಾಣವೆಂದರೆ ಒಂದು ಕೋಣೆ. ರಾಗಿಯು ಹಗೇವಿನಲ್ಲಿಯೂ, ಬತ್ತವು ಕಣಜದಲ್ಲಿಯೂ, ಉಪ್ಪಿನಕಾಯಿಯು ಜಾಡಿಗಳಲ್ಲಿಯೂ ಇರುತ್ತಿದ್ದುವು. ನಿತ್ಯಕ್ಕೆ ಬೇಕಾದ ಸಾಸಿವೆ, ಜೀರಿಗೆ, ಮೆಂತ್ಯಗಳಿಗೆ ಗೋಡೆಯಲ್ಲಿ ಒಂದು ಗೇಣು ಆಳದ ಗೂಡುಗಳಿದ್ದುವು. ಗೇಣು ಆಳದ ಗೂಡಿನಲ್ಲಿ ಯಾವ ವಸ್ತುವೂ ಇನ್ನೊಂದರ ಹಿಂದೆ ಅಡಗುವಂತಿರಲಿಲ್ಲ. ಈಗ ಪಟ್ಟಣಗಳಲ್ಲಿ ಕಟ್ಟುವ ಮನೆಗಳಲ್ಲಿ ಕೋಣೆಗೆ ಸ್ಥಳವಿಲ್ಲ. ಅದಕ್ಕೆ ಬದಲಾಗಿ, ಗೋಡೆಗೂ ಶೀತಪೆಟ್ಟಿಗೆಗೂ ನಡುವೆ ಉಳಿದ ಸಂದಿಯಲ್ಲಿ ನೆಲದಿಂದ ಮೇಲಿನವರೆಗೆ ಹಲಗೆಗಳನ್ನು ಹೊಡೆದು, ಒಂದು ಬಾಗಿಲನ್ನಿಟ್ಟು, ಇದೇ ಉಗ್ರಾಣವೆಂದು ಹೇಳುತ್ತಾರೆ. ಹಳೆಯ ಉಗ್ರಾಣದೊಳಕ್ಕೆ ಮನುಷ್ಯನೇ ಹೋಗುತ್ತಿದ್ದನು. ಹೊಸ ಉಗ್ರಾಣದೊಳಕ್ಕೆ ಕೈ ಮಾತ್ರ ಹೋಗುತ್ತದೆ, ಕಣ್ಣು ಹೋಗುವುದಿಲ್ಲ. ಎಲ್ಲ ತೊಂದರೆಗೂ ಮೂಲವು ಇಷ್ಟೆ.

ಮೈಸೂರಿನಲ್ಲಿ ನನ್ನ ಮಗನು ಕೊಂಡ ಹೊಸ ಮನೆಗೆ ನಾವು ವೈಶಾಖದಲ್ಲಿ ಬಂದೆವು. ಅಲ್ಲಿನ ಉಗ್ರಾಣದ ಅಗಲ 15 ಅಂಗುಲ, ಆಳ 24 ಅಂಗುಲ, ಒಟ್ಟು ಐದು ಹಲಗೆಗಳು. ಸೊಸೆಯು ಕೆಲಸಕ್ಕೆ ಹೋಗುವವಳು. ನಮ್ಮ ಮನೆಯವರಿಗೆ ಮಂಡಿ ನೋವು. ಆದಕಾರಣ ಡಬ್ಬಿಗಳನ್ನು ಜೋಡಿಸುವ ಕೆಲಸವನ್ನು ನಾನೇ ವಹಿಸಿಕೊಂಡೆನು. ಮೂವತ್ತು ವರ್ಷ ತರಗತಿಯಲ್ಲಿ ಹುಡುಗರನ್ನು ಸಾಲಾಗಿ ನಿಲ್ಲಿಸಿದವನಿಗೆ ಡಬ್ಬಿಗಳನ್ನು ನಿಲ್ಲಿಸುವುದು ಎಷ್ಟರ ಕೆಲಸ ಎಂಬ ಅಹಂಕಾರವೂ ಇದ್ದಿತು. ನೋಟಕ್ಕೆ ಚೆನ್ನಾಗಿರಲೆಂದು, ಒಂದೇ ಬಗೆಯ ದೊಡ್ಡ ಡಬ್ಬಿಗಳನ್ನೆಲ್ಲ ಮುಂದಿಟ್ಟು, ಬಗೆಬಗೆಯ ಸಣ್ಣವನ್ನೆಲ್ಲ ಹಿಂದಕ್ಕೆ ತಳ್ಳಿದೆನು. ತರಗತಿಯಲ್ಲಾದರೆ ಕುಳ್ಳರನ್ನು ಮುಂದೆ ಕೂರಿಸುವುದು ನನಗೆ ತಿಳಿದಿದ್ದಿತು. ಉಗ್ರಾಣದಲ್ಲಿ ಆ ಪಾಠವನ್ನು ಮರೆತೆನು.

ಜ್ಯೇಷ್ಠದಲ್ಲಿ ಒಂದು ದಿನ ಪಾಯಸಕ್ಕೆ ಏಲಕ್ಕಿಯು ಬೇಕಾಯಿತು. ಗೃಹಪ್ರವೇಶದ ಸಿಹಿಗೆಂದು ತಂದದ್ದರಲ್ಲಿ ಕಾಲು ಕಿಲೋದಷ್ಟು ಮಿಕ್ಕಿದ್ದಿತು. ಡಬ್ಬಿಯು ಸಿಕ್ಕಲಿಲ್ಲ. ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡಿದರೂ ಸಿಕ್ಕಲಿಲ್ಲ. ಏಲಕ್ಕಿಯ ಬೆಲೆಯನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಅಡಿಗೆಗೆ ನೆರವಾಗಲು ಬರುತ್ತಿದ್ದ ಹೆಂಗಸು ಆಗ ಅಲ್ಲಿಯೇ ತರಕಾರಿ ಹೆಚ್ಚುತ್ತಿದ್ದಳು. ನಮ್ಮ ಮನೆಯವರು ಬೇಸರದಿಂದ, "ಏಲಕ್ಕಿಗೇನು ಕಾಲು ಬಂತೆ?" ಎಂದರು. ಯಾರ ಹೆಸರನ್ನೂ ಎತ್ತಲಿಲ್ಲ. ಯಾರ ಕಡೆಗೂ ನೋಡಲಿಲ್ಲ. ಆದರೆ ಮಾತು ಎಲ್ಲಿ ತಗುಲಬೇಕೋ ಅಲ್ಲಿ ತಗುಲಿತು. ಆಕೆಯು ಹೆಚ್ಚುತ್ತಿದ್ದ ಈಳಿಗೆಮಣೆಯನ್ನು ತೊಳೆದಿಟ್ಟು ಸುಮ್ಮನೆ ಹೊರಟುಹೋದಳು. ಮಾರನೆಯ ದಿನ ಬರಲಿಲ್ಲ, ಆಮೇಲೂ ಬರಲಿಲ್ಲ. ನಾನು ಅದೇ ಸಮಯದಲ್ಲಿ ನಡುಮನೆಯಲ್ಲಿ ಪತ್ರಿಕೆಯನ್ನು ಓದುತ್ತ ಕುಳಿತಿದ್ದೆನು. ಡಬ್ಬಿಗಳನ್ನು ಜೋಡಿಸಿದವನು ನಾನು, ತಪ್ಪಿದ್ದರೆ ನನ್ನ ಜೋಡಣೆಯಲ್ಲಿರಬೇಕು ಎಂದು ಒಂದು ಮಾತನ್ನು ಆಡಬಹುದಾಗಿತ್ತು. ಆಡಲಿಲ್ಲ.

ಹನ್ನೆರಡು ದಿನಗಳಾದ ಮೇಲೆ ರವೆಯಲ್ಲಿ ಹುಳು ಕಾಣಿಸಿತೆಂದು ಮೂರನೆಯ ಹಲಗೆಯನ್ನು ಪೂರ್ತಿಯಾಗಿ ಬರಿದುಮಾಡಿದೆನು. ಕೊನೆಯ ಸಾಲಿನಲ್ಲಿ, ಬೆಲ್ಲದ ಡಬ್ಬಿಯ ಬೆನ್ನಿಗೆ ಅಂಟಿಕೊಂಡಂತೆ ಏಲಕ್ಕಿಯು ಕುಳಿತಿದ್ದಿತು.

ಆ ಸಂಜೆಯೇ ನಾವಿಬ್ಬರೂ ಆಕೆಯ ಮನೆಗೆ ಹೋದೆವು. "ತಪ್ಪಾಯಿತಮ್ಮ, ಏಲಕ್ಕಿ ನಮ್ಮ ಗೂಡಿನಲ್ಲೇ ಇತ್ತು" ಎಂದು ನಮ್ಮ ಮನೆಯವರು ಹೇಳಿದರು. ಆಕೆಯು ಮಣೆಯನ್ನು ಹಾಕಿ ಕೂರಿಸಿ, ನೀರು ಕೊಟ್ಟಳು. "ಸಿಕ್ಕಿತಲ್ಲ ಬಿಡಿ ಅಮ್ಮ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಸಿಗದೇ ಹೋಗಿದ್ದರೆ?" ಎಂದಳು. ನನ್ನ ಸಂಸ್ಕೃತವೂ ಕನ್ನಡವೂ ಈ ಪ್ರಶ್ನೆಗೆ ಉತ್ತರವನ್ನು ಒದಗಿಸಲಿಲ್ಲ. ಅಷ್ಟು ಹೊತ್ತಿಗೆ ಆಕೆಯು ಬೇರೊಂದು ಮನೆಯ ಕೆಲಸಕ್ಕೆ ಒಪ್ಪಿಕೊಂಡಾಗಿದ್ದಿತು.

ಮನೆಗೆ ಬಂದ ಮೇಲೆ ಕಾಗದ, ಸೀಸದ ಕಡ್ಡಿಗಳನ್ನು ಹಿಡಿದು ಲೆಕ್ಕ ಹಾಕಿದೆನು. 5 ಅಂಗುಲದ ದುಂಡು ಡಬ್ಬಿಗಳು ನಮ್ಮ ಹಲಗೆಯಲ್ಲಿ ಅಗಲಕ್ಕೆ ಮೂರು, ಆಳಕ್ಕೆ ನಾಲ್ಕು ಹಿಡಿಯುತ್ತವೆ, ಒಟ್ಟು 12. ಬಾಗಿಲು ತೆರೆದವರಿಗೆ ಕಾಣುವುವು ಮುಂದಿನ ಮೂರು ಮಾತ್ರ, 9 ಮರೆಯಲ್ಲಿರುತ್ತವೆ. ಐದು ಹಲಗೆಗಳಿಗೆ ಲೆಕ್ಕ ಮಾಡಿದರೆ 60 ಡಬ್ಬಿಗಳಲ್ಲಿ 45 ಕಣ್ಣಿಗೆ ಬೀಳುವುದಿಲ್ಲ. ಮನೆಯ ಪದಾರ್ಥಗಳಲ್ಲಿ ನಾಲ್ಕನೆಯ ಮೂರು ಪಾಲನ್ನು ಕತ್ತಲೆಯಲ್ಲಿಟ್ಟು, ಕಾಣದಾಗ ಮನುಷ್ಯರನ್ನು ಸಂಶಯಿಸುವುದು ಎಂಥ ನ್ಯಾಯ!

ಉಗ್ರಾಣದ ಶಾಸ್ತ್ರವು ನಮ್ಮಲ್ಲಿ ಹೊಸದೇನೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯ ಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಬೆಳಕಿಗೆ ತಂದದ್ದು ಇದೇ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ. ಅದು ಅಚ್ಚಾದದ್ದು 1909ರಲ್ಲಿ. ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ಕೋಷ್ಠಾಗಾರದ ಅಧ್ಯಕ್ಷನ ಕರ್ತವ್ಯಗಳಿಗೇ ಒಂದು ಅಧ್ಯಾಯವು ಮೀಸಲಾಗಿದೆ. ಧಾನ್ಯವನ್ನು ಎತ್ತರದಲ್ಲಿಯೂ, ಎಣ್ಣೆ ತುಪ್ಪಗಳನ್ನು ಮಣ್ಣಿನ ಅಥವಾ ಮರದ ಪಾತ್ರೆಗಳಲ್ಲಿಯೂ, ಉಪ್ಪನ್ನು ನೆಲದ ಮೇಲೆಯೂ ಇಡಬೇಕೆಂಬ ವಿಧಿಗಳು ಅಲ್ಲಿವೆ. ಹೊಸ ದಾಸ್ತಾನು ಬಂದಂತೆ ಹಳೆಯದನ್ನು ಅದರಿಂದ ಬದಲಿಸುತ್ತಿರಬೇಕೆಂಬ ಮಾತೂ ಇದೆ. ನಮ್ಮ ಕೊಠಾರವೆಂಬ ಶಬ್ದವು ಆ ಕೋಷ್ಠಾಗಾರದಿಂದಲೇ ಬಂದದ್ದು. ವೈದ್ಯಶಾಸ್ತ್ರದಲ್ಲಿ ಕೋಷ್ಠವೆಂದರೆ ಹೊಟ್ಟೆಯೂ ಹೌದು. ಒಳಗೆ ಹೋದದ್ದು ಹೊರಗೆ ಬಾರದಿದ್ದರೆ ಬದ್ಧಕೋಷ್ಠವೆನ್ನುತ್ತಾರೆ. ಆಳವಾದ ಗೂಡುಗಳಿಗೆ ಹಿಡಿಯುವ ರೋಗವೂ ಅದೇ.

ಈ ರೋಗವು ಹೇಗೆ ಬೆಳೆಯುತ್ತದೆಂಬುದನ್ನು ನೋಡಿರಿ. ಹೊಸದಾಗಿ ತಂದ ಪದಾರ್ಥವನ್ನು ನಾವು ಸುಲಭವೆಂದು ಮುಂದೆ ಇಡುತ್ತೇವೆ. ಬೇಕಾದಾಗ ಮುಂದಿನದನ್ನೇ ತೆಗೆಯುತ್ತೇವೆ. ಹಿಂದಿನದು ಹಿಂದೆಯೇ ಮುದಿಯಾಗುತ್ತದೆ. ಅಕ್ಕಿಯ ನುಸಿಯು ಕಾಳನ್ನು ಕೊರೆದು ಒಳಗೆ ಮೊಟ್ಟೆಯಿಡುತ್ತದೆ; ಬೆಚ್ಚನೆಯ ಹವೆಯಲ್ಲಿ ಸುಮಾರು ಒಂದು ತಿಂಗಳಿಗೆ ಆ ಮೊಟ್ಟೆಯು ಹುಳುವಾಗಿ ಹೊರಗೆ ಬರುತ್ತದೆ. ಮೂರು ತಿಂಗಳು ಮರೆತ ಡಬ್ಬಿಯಲ್ಲಿ ಮೂರು ತಲೆಮಾರುಗಳು ಸಂಸಾರ ಹೂಡಿರುತ್ತವೆ. ಇಡಿಯ ಕಾಳಿಗಿಂತ ರವೆಯೂ ಹಿಟ್ಟೂ ಬೇಗನೆ ಕೆಡುತ್ತವೆ. ಎಣ್ಣೆ ಬೀಜಗಳು ಗಾಳಿ, ಬಿಸಿಗಳಿಂದ ಕಮಟು ಹಿಡಿಯುತ್ತವೆ. ತೇವ ತಗುಲಿ ಬೂಸಲು ಬಂದ ಕಡಲೆಕಾಯಿ ಬೀಜವನ್ನಂತೂ ಹುರಿದು ತಿಂದೇವೆಂದು ಉಳಿಸಿಕೊಳ್ಳಬಾರದು. ಬೂಸಲಿನ ವಿಷವು ಹುರಿದರೂ ಬೇಯಿಸಿದರೂ ಪೂರ್ತಿಯಾಗಿ ಹೋಗುವುದಿಲ್ಲ.

ಇನ್ನು ನಾವು ಮಾಡಿಕೊಂಡ ಏರ್ಪಾಟನ್ನು ಹೇಳುತ್ತೇನೆ. ಇಂಥದೇ ಗೂಡುಗಳುಳ್ಳವರಿಗೆ ಉಪಯೋಗವಾದೀತು.

ಮೊದಲನೆಯದಾಗಿ, ಇದ್ದದ್ದನ್ನೆಲ್ಲ ಹೊರಗೆ ತೆಗೆದು ನೆಲದ ಮೇಲೆ ಹರಡಿ, ಪಟ್ಟಿ ಬರೆದೆವು. ಮೆಂತ್ಯದ ಪೊಟ್ಟಣಗಳು ನಾಲ್ಕು ಸಿಕ್ಕಿದುವು, ನಾಲ್ಕೂ ಒಡೆದವೇ! ಇಲ್ಲವೆಂದು ತಿಳಿದು ಪ್ರತಿ ಸಲವೂ ಹೊಸದನ್ನು ತಂದಿದ್ದೆವು. ಈ ಪಟ್ಟಿಯಾಗದೆ ಒಂದು ಡಬ್ಬಿಯನ್ನೂ ಒಳಗೆ ಇಡಬಾರದು.

ಎರಡನೆಯದಾಗಿ, ಬಡಗಿಯಿಂದ 7 ಅಂಗುಲ ಅಗಲ, 22 ಅಂಗುಲ ಉದ್ದ, 3 ಅಂಗುಲ ಅಂಚಿನ ಮರದ ತಟ್ಟೆಗಳನ್ನು ಮಾಡಿಸಿ, ಮುಂದೆ ಒಂದೊಂದು ಹಿಡಿಯನ್ನು ಹಾಕಿಸಿದೆವು. ಒಂದು ಹಲಗೆಗೆ ಎರಡು ತಟ್ಟೆಗಳು ಅಕ್ಕಪಕ್ಕದಲ್ಲಿ ಕೂರುತ್ತವೆ. ಅಡಿಗೆ ಮೇಣದ ಬತ್ತಿಯನ್ನು ಉಜ್ಜಿದರೆ ಸರಾಗವಾಗಿ ಜಾರುತ್ತವೆ. ಹಿಡಿದು ಎಳೆದರೆ ಹಿಂದಿನ ಡಬ್ಬಿಯು ತಾನೇ ಮುಂದಕ್ಕೆ ಬರುತ್ತದೆ. ಕೈಯು ಒಳಕ್ಕೆ ಹೋಗುವುದರ ಬದಲು ಗೂಡೇ ಹೊರಕ್ಕೆ ಬಂದ ಹಾಗಾಯಿತು. ಅರ್ಧಕ್ಕಿಂತ ಹೆಚ್ಚು ಎಳೆಯುವಾಗ ಮಾತ್ರ ಇನ್ನೊಂದು ಕೈಯನ್ನು ಅಡಿಗೆ ಕೊಡಬೇಕು. ಹನ್ನೆರಡು ಡಬ್ಬಿ ಹಿಡಿಯುತ್ತಿದ್ದ ಹಲಗೆಯಲ್ಲಿ ಈಗ ಎಂಟೇ ಹಿಡಿಯುತ್ತವೆ. ಆದರೆ ಎಂಟೂ ಸಿಕ್ಕುತ್ತವೆ.

ಮೂರನೆಯದಾಗಿ, ದುಂಡು ಡಬ್ಬಿಗಳನ್ನು ಕಡಮೆ ಮಾಡಿ ಚೌಕದವನ್ನು ಕೊಂಡೆವು. ಚೌಕದೊಳಗೆ ಕೂರುವ ವೃತ್ತವು ನೂರಕ್ಕೆ ಸುಮಾರು 78 ಪಾಲನ್ನು ಮಾತ್ರ ತುಂಬುತ್ತದೆಂಬುದನ್ನು ಕ್ಷೇತ್ರಗಣಿತ ಕಲಿತ ಯಾವ ಹುಡುಗನೂ ಹೇಳಬಲ್ಲನು. ಹೀಗೆ ಕಳೆದ ಸ್ಥಳದಲ್ಲಿ ಬಹುಪಾಲು ಹಿಂದಕ್ಕೆ ಬಂದಿತು.

ನಾಲ್ಕನೆಯದಾಗಿ, ಕಣ್ಣಿನ ಮಟ್ಟದ ಹಲಗೆಯಲ್ಲಿ ಗೊಂಬೆ ಹಬ್ಬದ ಮೆಟ್ಟಿಲುಗಳಂತೆ ಮೂರು ಮೆಟ್ಟಿಲುಗಳನ್ನು ಮಾಡಿದೆವು. ನಡುವಿನದಕ್ಕೆ 4 ಅಂಗುಲ, ಹಿಂದಿನದಕ್ಕೆ 8 ಅಂಗುಲ ಎತ್ತರದ ಹಲಗೆಯಿದ್ದರೆ ಸಾಕು. ಸಾಂಬಾರ ಜೀನಸುಗಳೆಲ್ಲ ನವರಾತ್ರಿಯ ಗೊಂಬೆಗಳ ಹಾಗೆ ಒಂದರ ತಲೆಯ ಮೇಲಿಂದ ಇನ್ನೊಂದು ಮುಖ ತೋರಿಸುತ್ತ ನಿಂತಿವೆ. ಈ ಯೋಚನೆಯು ಸೊಸೆಯದು, ನನ್ನದಲ್ಲ.

ಐದನೆಯದಾಗಿ, ತೂಕದ ವಿಚಾರ. ಅಕ್ಕಿ, ರಾಗಿಗಳು ಎಲ್ಲಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ ಮಣೆಯ ಮೇಲೆ. ದಿನವೂ ಬೇಕಾದದ್ದು ಸೊಂಟಕ್ಕೂ ಕಣ್ಣಿಗೂ ನಡುವೆ. ವರ್ಷಕ್ಕೆರಡು ಸಲ ಬೇಕಾಗುವ ಹಗುರವಾದ ಸಾಮಾನು ತುದಿಯಲ್ಲಿ. ಹುಣಿಸೆಯ ಹಣ್ಣು, ಉಪ್ಪುಗಳನ್ನು ತಗಡಿನ ಡಬ್ಬಿಯಲ್ಲಿಡಬಾರದು, ಜಾಡಿಯೇ ಯೋಗ್ಯ. ಇಂಗಿಗೆ ಬಿಗಿಯಾದ ಮುಚ್ಚಳ ಬೇಕು. ಸಾಬೂನನ್ನು ಈ ಬಾಗಿಲಿನೊಳಕ್ಕೇ ಸೇರಿಸಬಾರದು. ಬೇಳೆಗೆ ಹರಳೆಣ್ಣೆ ಸವರಿ ಇಡುವ ಅಜ್ಜಿಯರ ಪದ್ಧತಿಯು ಇಂದಿಗೂ ಒಳ್ಳೆಯದೇ.

ಆರನೆಯದಾಗಿ, ಚೀಟಿಗಳು. ಪ್ರತಿ ಡಬ್ಬಿಗೂ ಪದಾರ್ಥದ ಹೆಸರು, ತಂದ ತಿಂಗಳು. ಸೊಂಟಕ್ಕಿಂತ ಕೆಳಗಿನ ಡಬ್ಬಿಗಳಿಗೆ ಚೀಟಿಯು ಮುಚ್ಚಳದ ಮೇಲೆ. ಮೇಲಿನವಕ್ಕೆ ಹೊಟ್ಟೆಯ ಮೇಲೆ. ಹೊಸದು ಹಿಂದಕ್ಕೆ, ಹಳೆಯದು ಮುಂದಕ್ಕೆ, ಇದು ತಪ್ಪಬಾರದು. ಒಂದು ತಟ್ಟೆಯಲ್ಲಿ ಒಂದು ಜಾತಿ: ಬೇಳೆಗಳ ತಟ್ಟೆಯಲ್ಲಿ ಬೇಳೆಗಳೇ, ಹಿಟ್ಟಿನ ತಟ್ಟೆಯಲ್ಲಿ ಹಿಟ್ಟುಗಳೇ. ಹಾಗಾದರೆ ಮುಂದಿನ ಡಬ್ಬಿಯು ಹಿಂದಿನವಕ್ಕೆ ಸಾಕ್ಷಿಯಾಗುತ್ತದೆ. ಬಾಗಿಲಿನ ಒಳಮೈಗೆ ಪಟ್ಟಿಯನ್ನು ದಾರದಿಂದ ತೂಗುಹಾಕಿದೆ. ಮುಗಿದದ್ದನ್ನು ಮುಗಿಸಿದವರೇ ಗುರುತಿಸಬೇಕು. ಸಾಮಾನು ತರಿಸುವ ಮುಂಚೆ ಸೊಸೆಯು ಅದನ್ನು ಒಮ್ಮೆ ನೋಡುತ್ತಾಳೆ.

ಇಷ್ಟನ್ನು ಮಾಡಿದ ಮೇಲೂ ಒಂದು ಮಾತು ಉಳಿಯುತ್ತದೆ. ಆಳವಿದೆಯೆಂದು ತುಂಬಬಾರದು. ಅಂಗಡಿಯವರು ಬಾಗಿಲಿಗೇ ತಂದುಕೊಡುವ ಈ ದಿನಗಳಲ್ಲಿ ತಿಂಗಳಿಗಿಂತ ಹೆಚ್ಚಿನ ರವೆ, ಹಿಟ್ಟುಗಳನ್ನು ಶೇಖರಿಸುವುದು ಹುಳುವಿಗೆ ಬಿಡಾರ ಕಟ್ಟಿಕೊಟ್ಟಂತೆ. ಹಿಂದಿನ ಒಂದು ಸಾಲು ಖಾಲಿಯಾಗಿದ್ದರೆ ನಷ್ಟವಿಲ್ಲ.

ಗೃಹಸ್ಥರಲ್ಲಿ ನನ್ನ ಕೊನೆಯ ವಿಜ್ಞಾಪನೆಯು ಇದು. ಮನೆಯಲ್ಲಿ ವಸ್ತುವೊಂದು ಕಾಣದಿದ್ದರೆ, ಬಾಯಿ ತೆರೆಯುವ ಮುಂಚೆ ಗೂಡನ್ನು ಕೊನೆಯ ಸಾಲಿನವರೆಗೆ ಬರಿದುಮಾಡಿ ನೋಡಿರಿ. ಕಳೆದ ಏಲಕ್ಕಿಯನ್ನು ಮತ್ತೆ ಕೊಳ್ಳಬಹುದು. ಕಷ್ಟಪಟ್ಟು ದುಡಿಯುವವರಿಗೆ ಅವರ ಹೆಸರೇ ಆಸ್ತಿ. ನಮ್ಮ ಅವ್ಯವಸ್ಥೆಗೆ ಅದನ್ನು ಬಲಿಕೊಡಲು ನಮಗೆ ಅಧಿಕಾರವಿಲ್ಲ. ಈಗ ನಮ್ಮ ಮನೆಯಲ್ಲಿ ಬೇರೊಬ್ಬಳು ಕೆಲಸಕ್ಕೆ ಬರುತ್ತಾಳೆ. ಮೊದಲನೆಯ ದಿನವೇ ನಮ್ಮ ಮನೆಯವರು ಆಕೆಗೆ ಉಗ್ರಾಣದ ಬಾಗಿಲನ್ನು ತೆರೆದು, ತಟ್ಟೆಗಳನ್ನು ಒಂದೊಂದಾಗಿ ಎಳೆದು, ಯಾವುದು ಎಲ್ಲಿದೆಯೆಂದು ತೋರಿಸಿದರು. ನಾನು ಪತ್ರಿಕೆಯನ್ನು ಮಡಿಸಿಟ್ಟು ಪಕ್ಕದಲ್ಲಿ ನಿಂತಿದ್ದೆನು.

ಮುಂದಿನ ತಿಂಗಳು ಮಳೆಗಾಲದಲ್ಲಿ ಪುಸ್ತಕಗಳನ್ನು ಕಾಪಾಡುವ ವಿಚಾರವನ್ನು ಬರೆಯುತ್ತೇನೆ.