ಟರ್ಬೊ ಹೋಗೇತಿ ಅಂದ್ರಾ? ಮೊದ್ಲು ಕಿವಿ ಕೊಡಿ | ಗಾಡಿ ಮಾತು – 6

ದಾಂಡೇಲಿಯಿಂದ ಗಣೇಶಗುಡಿಗೆ ರಾಫ್ಟಿಂಗ್ ಗಿರಾಕಿಗಳನ್ನ ಬಿಡೋದು ಅಪ್ಪನ ಕೆಲಸ. ಡಿಸೆಂಬರ್ ಮಂಜಲ್ಲಿ ಏರು ಹತ್ತುವಾಗ ನಮ್ಮ ಡೀಸೆಲ್ ಗಾಡಿ "ಸುಸ್ಸ್" ಅಂತು, ಎಳೆಯೋದೂ ಕಡಿಮೆ ಆಯ್ತು. ಗ್ಯಾರೇಜಲ್ಲಿ ಬಾನೆಟ್ ಎತ್ತೋ ಮೊದ್ಲೇ "ಟರ್ಬೊ ಹೋಗೇತಿ, 40 ಸಾವಿರ" ಅಂದ್ರು. ಅಪ್ಪನ ಇಡೀ ಸೀಸನ್ ದುಡಿಮೆ ಅದು! ಇನ್ನೊಬ್ಬ ಮಿಸ್ತ್ರಿ ನೋಡಿದ್ರೆ, ಟರ್ಬೊ ಪೈಪಿನ ಕ್ಲಾಂಪ್ ಸಡಿಲ. 300 ರೂಪಾಯಿ.

ವೋಚರ್ ಇಲ್ಲದೆ ಎಂಟ್ರಿ ಇಲ್ಲ ಅಂತ ಅಕೌಂಟ್ಸ್ ಕ್ಲಾಸಲ್ಲಿ ಹೇಳ್ತಾರೆ. ಗಾಡಿಗೂ ಅದೇ. ಶಬ್ದ ಯಾವಾಗ ಬರುತ್ತೆ ಅಂತ ಕೇಳದೆ ಪಾರ್ಟ್ ಬದಲಿಸೋದು ರಿಪೇರಿ ಅಲ್ಲ, ಊಹೆ.

👂 ಚಳಿಗೆ ಡೀಸೆಲ್ ಎಂಜಿನ್ ಸ್ವಲ್ಪ ಕಟಕಟ ಅನ್ನೋದು ಸಹಜ.
👂 ಸ್ಟಾರ್ಟ್ ಆದ ಕೂಡ್ಲೇ ಕೀಂಯ್ ಅಂದ್ರೆ ಬೆಲ್ಟ್ ನೋಡ್ಸಿ.
👂 ಟಿಕ್ ಟಿಕ್ ಬಂದು, ಬಿಸಿಯಾದ್ಮೇಲೆ ನಿಂತ್ರೆ ಎಕ್ಸಾಸ್ಟ್ ಗ್ಯಾಸ್ಕೆಟ್ ಲೀಕ್ ಇರಬಹುದು. ಲೋಹ ಹಿಗ್ಗಿ ಸಂದು ಮುಚ್ಚುತ್ತೆ.
👂 ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಸುಸ್ಸ್ ಅಂದ್ರೆ ಪೈಪು, ಕ್ಲಾಂಪು.
👂 ಸೈರನ್ ಥರ ಕೂಗು ದಿನೇ ದಿನೇ ಜಾಸ್ತಿಯಾಗಿ ನೀಲಿ ಹೊಗೆನೂ ಬಂದ್ರೆ, ಆಗ ಟರ್ಬೊ ಮೇಲೆ ಅನುಮಾನ ಪಡಿ. ಗಾಡಿ ನಿಲ್ಲಿಸಿ.

ತಪ್ಪು ನಮ್ದೂ ಐತಿ. ಟರ್ಬೊ ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಚಳಿಗೆ ಆಯಿಲ್ ಗಟ್ಟಿ ಇರುತ್ತೆ, ಅದು ಬೇರಿಂಗ್ ಮುಟ್ಟೋ ಮೊದ್ಲೇ ರೇಸ್ ಮಾಡ್ತೀವಿ. ಅರ್ಧ ನಿಮಿಷ ತಡೀರಿ, ಮೊದಲ ಎರಡ್ಮೂರು ಕಿಲೋಮೀಟರ್ ಮೆಲ್ಲಗೆ ಹೋಗಿ.

ಇನ್ನೊಂದು. ಗ್ಯಾರೇಜ್ ಮುಟ್ಟೋಷ್ಟರಲ್ಲಿ ಎಂಜಿನ್ ಬಿಸಿಯಾಗಿ ಚಳಿ ಶಬ್ದ ಮಾಯ ಆಗಿರುತ್ತೆ. ಬೆಳಗ್ಗೆನೇ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಂಡು ಹೋಗಿ. ಅದೇ ನಿಮ್ಮ ವೋಚರ್.

ಜೋಯಿಡಾ, ಹಳಿಯಾಳದವ್ರೇ, ನಿಮ್ಮ ಗಾಡಿ ಏನಂತು? ಕಮೆಂಟಲ್ಲಿ ಬರೀರಿ 👇
#ಗಾಡಿಮಾತು #ದಾಂಡೇಲಿ #ಜೋಯಿಡಾ