ಲೈಂಗಿಕ ಶಿಕ್ಷಣ: ಸಂಸ್ಕೃತಿಯ ನೆಪ ಸಾಕು



ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಎಂದೊಡನೆ ‘ನಮ್ಮ ಸಂಸ್ಕೃತಿಗೆ ಒಗ್ಗದು’ ಎನ್ನುವವರು ನಮ್ಮದೇ ಇತಿಹಾಸ ನೋಡಲಿ. ಮೈಸೂರು ಸರ್ಕಾರ 1930ರಲ್ಲೇ ಜನನ ನಿಯಂತ್ರಣ ಕ್ಲಿನಿಕ್‌ಗಳಿಗೆ ಒಪ್ಪಿಗೆ ಕೊಟ್ಟಿತ್ತು. ದಾಂಪತ್ಯ, ಬಸಿರು, ಬಾಣಂತನದ ಬಗ್ಗೆ ಡಾ. ಅನುಪಮಾ ನಿರಂಜನ ತಿಳಿಗನ್ನಡದಲ್ಲಿ ಬರೆದರು, ಸಂಸ್ಕೃತಿಗೇನೂ ಧಕ್ಕೆಯಾಗಲಿಲ್ಲ. ಅಂಥ ರಾಜ್ಯವೇ 2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಶಾಲೆಗಳಿಂದ ಹೊರಗಿಟ್ಟಿತು. ಪಾಠ ನಿಲ್ಲಿಸಿದ್ದರಿಂದ ಮಕ್ಕಳು ಸುರಕ್ಷಿತರಾದರೇ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 20ರಿಂದ 24ರ ವಯಸ್ಸಿನ ಮಹಿಳೆಯರ ಪೈಕಿ ಶೇ 21ರಷ್ಟು ಮಂದಿಗೆ 18 ತುಂಬುವ ಮುನ್ನವೇ ಮದುವೆಯಾಗಿತ್ತು.

ತಿಳಿಸಿದರೆ ಪ್ರಯೋಗಕ್ಕಿಳಿಯುತ್ತಾರೆ ಎಂಬ ಭಯ ಸಹಜ. ಆದರೆ ಹಲವು ದೇಶಗಳ ಅಧ್ಯಯನಗಳನ್ನು ಪರಿಶೀಲಿಸಿದ ಯುನೆಸ್ಕೊದ 2018ರ ಮಾರ್ಗಸೂಚಿ, ಇಂಥ ಶಿಕ್ಷಣ ಲೈಂಗಿಕ ಚಟುವಟಿಕೆಯನ್ನು ಹೆಚ್ಚಿಸುವುದಿಲ್ಲ ಎನ್ನುತ್ತದೆ. ಮನೆಯಲ್ಲೇ ಹೇಳಿಕೊಡಲಿ ಎನ್ನುವ ವಾದ ಇನ್ನೂ ದುರ್ಬಲ: ದೌರ್ಜನ್ಯ ಎಸಗುವವರು ಬಹುಪಾಲು ಪರಿಚಿತರೇ, ಕೆಲವೊಮ್ಮೆ ಮನೆಯವರೇ. ಮುಟ್ಟು, ಗರ್ಭಧಾರಣೆ, ಸೋಂಕುಗಳಷ್ಟೇ ಅಲ್ಲ, ಒಪ್ಪಿಗೆ ಎಂದರೇನು, 18ರೊಳಗಿನವರ ಒಪ್ಪಿಗೆಗೆ ಪೋಕ್ಸೊ ಕಾಯ್ದೆಯಲ್ಲಿ ಮಾನ್ಯತೆ ಏಕಿಲ್ಲ ಎಂಬುದೂ ಹುಡುಗರಿಗೆ ಗೊತ್ತಿರಬೇಕು. ಹತ್ತನೇ ತರಗತಿಯ ಸಂತಾನೋತ್ಪತ್ತಿ ಅಧ್ಯಾಯವೊಂದೇ ಇದಕ್ಕೆ ಸಾಲದು. ತರಬೇತಾದ ಶಿಕ್ಷಕರು, ವೈದ್ಯರ ನೆರವಿನಿಂದ ಎಂಟನೇ ತರಗತಿಯಿಂದಲೇ ಈ ಪಾಠ ಆರಂಭಿಸಲು ಶಿಕ್ಷಣ ಇಲಾಖೆ ಮುಂದಾಗಲಿ.

– ಓದುಗ, ಆರ್‌ಪಿಸಿ ಲೇಔಟ್, ಬೆಂಗಳೂರು