ಚಾಟಿಯ ಸದ್ದು ಕೇಳದಷ್ಟು ದೂರ: ನೆವಿಸ್ ದ್ವೀಪದ ತೋಟದ ಮನೆಗಳಲ್ಲಿ ಆತಿಥ್ಯ ಮತ್ತು ಮೌನ

1

ಪೂರ್ವ ಕೆರಿಬಿಯನ್ ಸಮುದ್ರದಲ್ಲಿರುವ ನೆವಿಸ್ ಸುಮಾರು 93 ಚದರ ಕಿಲೋಮೀಟರು ವಿಸ್ತಾರದ ಪುಟ್ಟ ದ್ವೀಪ. 1628ರಲ್ಲಿ ಇಂಗ್ಲಿಷರು ಅಲ್ಲಿ ನೆಲೆಯೂರಿದರು. ಮುಂದಿನ ಎರಡು ಶತಮಾನಗಳಲ್ಲಿ, ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ಮತ್ತು ಅವರ ಮಕ್ಕಳ ದುಡಿಮೆಯಿಂದ, ಅದು ಬ್ರಿಟನ್ನಿಗೆ ಸಕ್ಕರೆಯ ಸಂಪತ್ತನ್ನು ಹರಿಸಿತು. 1983ರಲ್ಲಿ ನೆರೆಯ ಸೇಂಟ್ ಕಿಟ್ಸ್ ದ್ವೀಪದೊಡನೆ ಸೇರಿ ಸ್ವತಂತ್ರ ರಾಷ್ಟ್ರವಾಯಿತು. ಸಕ್ಕರೆಯ ಕಾಲ ಮುಗಿದ ಮೇಲೆ ಅಲ್ಲಿನ ಬದುಕಿಗೆ ಮುಖ್ಯ ಆಧಾರವಾಗಿ ಒದಗಿದ್ದು ಪ್ರವಾಸೋದ್ಯಮ. ಹರ್ಮಿಟೇಜ್, ಮಾಂಟ್‌ಪೀಲಿಯರ್, ಗೋಲ್ಡನ್ ರಾಕ್ ಮೊದಲಾದ ಹಳೆಯ ಕಬ್ಬಿನ ತೋಟಗಳ ಮನೆಗಳು ಅತಿಥಿಗೃಹಗಳಾಗಿ ಹೆಸರಾದದ್ದು ಈ ಹಿನ್ನೆಲೆಯಲ್ಲಿಯೇ.

ಇಂಥ ಮನೆಯಲ್ಲಿ ತಂಗುವವರಿಗೆ ದೊರೆಯುವ ಸುಖ ಹುಸಿಯಲ್ಲ. ಗಾಳಿ ಆಡುವ ವಿಶಾಲ ಜಗಲಿ, ದಪ್ಪ ಕಲ್ಲಿನ ಗೋಡೆಗಳ ತಂಪು, ಮೋಡ ಕವಿದ ಶಿಖರ, ಕೆಳಗೆ ಕಡಲು. ಒಂದು ಕಡೆ ಹಳೆಯ ಗಾಣದ ಗೋಪುರವೇ ಊಟದ ಕೋಣೆಯಾಗಿದ್ದರೆ ಇನ್ನೊಂದು ಕಡೆ ಅದೇ ಮಲಗುವ ಕೋಣೆಯಾಗಿದೆ. ಕಬ್ಬಿನ ಹಾಲನ್ನು ಕುದಿಸುತ್ತಿದ್ದ ಕೊಪ್ಪರಿಗೆಗಳು ಕೆರಿಬಿಯನ್ನಿನ ಅನೇಕ ತೋಟಗಳ ಅಂಗಳದಲ್ಲಿ ಹೂವಿನ ಕುಂಡಗಳಾಗಿ, ತಾವರೆಯ ಕೊಳಗಳಾಗಿ ಕುಳಿತಿವೆ. ಇವೆಲ್ಲವನ್ನೂ ಒಟ್ಟಾಗಿ ಕರೆಯುವ ಹೆಸರು 'ಹೆರಿಟೇಜ್'. ಕನ್ನಡದಲ್ಲಿ ಅದಕ್ಕೆ 'ಪರಂಪರೆ' ಎಂಬ ಮಾತು ಬಳಕೆಯಲ್ಲಿದೆ. ಪರಂಪರೆಯೆಂದರೆ ಒಬ್ಬರಿಂದ ಇನ್ನೊಬ್ಬರಿಗೆ ಸಾಗಿ ಬರುವುದು. ಇಲ್ಲಿ ಯಾರಿಂದ ಯಾರಿಗೆ ಏನು ಸಾಗಿ ಬಂದಿದೆ ಎಂಬುದು ಕೇಳಲೇಬೇಕಾದ ಪ್ರಶ್ನೆ. ಐತಿಹಾಸಿಕ ತೋಟದ ಮನೆಯಲ್ಲಿ ತಂಗುವುದು ತಪ್ಪೆಂದು ಸಾಧಿಸುವುದು ಈ ಬರಹದ ಉದ್ದೇಶವಲ್ಲ. ಇತಿಹಾಸವನ್ನೇ ಸರಕಾಗಿ ಮಾರುವ ಮನೆಯು ಆ ಇತಿಹಾಸದ ಅರ್ಧವನ್ನು ಮಾತ್ರ ಹೇಳಿದರೆ ಅದನ್ನು ಪರಂಪರೆಯೆಂದು ಒಪ್ಪಲಾಗದು ಎಂಬುದಷ್ಟೇ ಇಲ್ಲಿನ ವಾದ.

2

ಅತಿಥಿಗೃಹಗಳು ತಮ್ಮ ಚರಿತ್ರೆಯನ್ನು ಮುಚ್ಚಿಡುತ್ತವೆ ಎಂದರೆ ಪೂರ್ತಿ ಸರಿಯಾಗದು. ಅವು ಚರಿತ್ರೆಯನ್ನು ಆಯ್ದುಕೊಳ್ಳುತ್ತವೆ. ಮಾಂಟ್‌ಪೀಲಿಯರ್ ತೋಟದಲ್ಲಿ 1787ರ ಮಾರ್ಚ್ 11ರಂದು ಹೊರೇಷಿಯೊ ನೆಲ್ಸನ್ ಮತ್ತು ಫ್ಯಾನಿ ನಿಸ್ಬೆಟ್ ಅವರ ವಿವಾಹ ನಡೆಯಿತೆಂಬುದು ದ್ವೀಪದ ಪ್ರವಾಸಿ ಸಾಹಿತ್ಯದಲ್ಲೆಲ್ಲ ಸಿಗುವ ವಿವರ. ಗೋಲ್ಡನ್ ರಾಕ್ ತೋಟದ ಕಟ್ಟಡಗಳು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಎಡ್ವರ್ಡ್ ಹಗಿನ್ಸ್ ಎಂಬ ತೋಟಗಾರ ಕಟ್ಟಿಸಿದವು ಎಂಬುದೂ ತಿಳಿದ ಸಂಗತಿಯೇ. ಆದರೆ ಅದೇ ಹಗಿನ್ಸ್ 1810ರ ಜನವರಿಯಲ್ಲಿ ಚಾರ್ಲ್ಸ್‌ಟೌನ್ ಪಟ್ಟಣದ ಸಂತೆಯ ಬಯಲಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಗುಲಾಮ ಗಂಡಸರಿಗೂ ಹೆಂಗಸರಿಗೂ ಬಹಿರಂಗವಾಗಿ ಚಾಟಿಯೇಟು ಹಾಕಿಸಿದ. ಕೆಲವರಿಗೆ ಬಿದ್ದ ಏಟುಗಳ ಸಂಖ್ಯೆ ನೂರನ್ನು, ಇನ್ನೂರನ್ನು ದಾಟಿತು. ಸ್ಥಳದಲ್ಲಿದ್ದ ನ್ಯಾಯಾಧಿಕಾರಿಗಳು ತಡೆಯಲಿಲ್ಲ. ವಿಚಾರಣೆ ನಡೆದರೂ ಆತ ನಿರ್ದೋಷಿಯೆಂದು ಬಿಡುಗಡೆಯಾದ. ಗುಲಾಮಗಿರಿಯ ವಿರೋಧಿಗಳು ಬ್ರಿಟನ್ನಿನಲ್ಲಿ ಬಹುಕಾಲ ಎತ್ತಿ ಆಡಿದ ಪ್ರಕರಣವಿದು. ಮದುವೆಯೂ ಚಾಟಿಯೇಟೂ ಒಂದೇ ಸಮಾಜದ, ಹೆಚ್ಚುಕಡಿಮೆ ಒಂದೇ ತಲೆಮಾರಿನ ಘಟನೆಗಳು. ಒಂದು ಆತಿಥ್ಯದ ಭಾಗವಾಯಿತು, ಇನ್ನೊಂದು ಸಂಶೋಧಕರ ಪಾಲಿಗೆ ಉಳಿಯಿತು.

ವಸ್ತುಗಳ ವಿಷಯದಲ್ಲಿಯೂ ಇದೇ ಆಯ್ಕೆ ಕಾಣುತ್ತದೆ. ಆಲೆಮನೆಯ ಬಿಸಿಯನ್ನು ಬಲ್ಲ ಕನ್ನಡ ಓದುಗರಿಗೆ ಕೊಪ್ಪರಿಗೆಯ ಮುಂದೆ ನಿಲ್ಲುವುದೆಂದರೇನೆಂದು ವಿವರಿಸಬೇಕಾಗಿಲ್ಲ. ಕಟಾವಿನ ಕಾಲದಲ್ಲಿ ಹಗಲೂ ರಾತ್ರಿಯೂ ಸರದಿಯಂತೆ ಆ ಕೆಲಸ ನಡೆಯಬೇಕಿತ್ತು, ಏಕೆಂದರೆ ಕಡಿದ ಕಬ್ಬು ಕಾಯುವುದಿಲ್ಲ. ಗಾಣದ ಉರುಳೆಗಳ ನಡುವೆ ಕೈ ಸಿಕ್ಕಿದರೆ ಕತ್ತರಿಸಿ ಜೀವ ಉಳಿಸಲೆಂದು ಕೊಡಲಿಯನ್ನು ಪಕ್ಕದಲ್ಲಿಟ್ಟಿರುತ್ತಿದ್ದರೆಂಬುದು ಕೆರಿಬಿಯನ್ ಸಕ್ಕರೆ ತೋಟಗಳ ಕುರಿತ ಬರಹಗಳಲ್ಲಿ ಮತ್ತೆ ಮತ್ತೆ ಬರುವ ವಿವರ. ಅದೇ ಗಾಣದ ಗೋಪುರ ಇಂದು ಮೇಣದ ಬತ್ತಿಯ ಬೆಳಕಿನಲ್ಲಿ ಊಟ ಮಾಡುವ ಏಕಾಂತದ ತಾಣ. ಕಟ್ಟಡದ ರೂಪ ಉಳಿದಿದೆ, ಅದರ ಕ್ರಿಯಾಪದ ಅಳಿದಿದೆ.

3

ತೋಟದ ಮನೆಗೆ ಬರುವ ಅತಿಥಿಯ ಕಣ್ಣಿಗೆ ಏನು ಬೀಳಬೇಕು, ಏನು ಬೀಳಬಾರದು ಎಂಬ ಚಿಂತೆ ಪ್ರವಾಸೋದ್ಯಮದಿಂದ ಹುಟ್ಟಿದ್ದಲ್ಲ. ಅದು ಗುಲಾಮಗಿರಿಯಷ್ಟೇ ಹಳೆಯದು ಎಂಬುದಕ್ಕೆ ನೆವಿಸ್‌ನಲ್ಲಿಯೇ ದಾಖಲೆಯಿದೆ. ಜಾನ್ ಪ್ರೀಟರ್ ಪಿನ್ನಿ ಎಂಬಾತ 1760ರ ದಶಕದ ನಡುವಿನಲ್ಲಿ ದ್ವೀಪಕ್ಕೆ ಬಂದು ಮಾಂಟ್ರಾವರ್ಸ್ ತೋಟವನ್ನು ನಡೆಸಿ, 1783ರಲ್ಲಿ ಇಂಗ್ಲೆಂಡಿಗೆ ಮರಳಿ ಬ್ರಿಸ್ಟಲ್ ನಗರದಲ್ಲಿ ದೊಡ್ಡ ಮನೆ ಕಟ್ಟಿಸಿದ. ಮೊದಲ ಬಾರಿ ಮನುಷ್ಯರನ್ನು ಮಾರಾಟಕ್ಕಿಟ್ಟದ್ದನ್ನು ಕಂಡಾಗ ತಾನು ಬೆಚ್ಚಿದ್ದಾಗಿಯೂ, ಆದರೆ ದೇವರೇ ಅವರನ್ನು ತಮ್ಮ ಉಪಯೋಗಕ್ಕೆಂದು ಸೃಷ್ಟಿಸಿರಬೇಕೆಂದು ಸಮಾಧಾನ ತಂದುಕೊಂಡದ್ದಾಗಿಯೂ ಆತ ಪತ್ರದಲ್ಲಿ ಬರೆದುಕೊಂಡಿದ್ದಾನೆ. 1800ರಲ್ಲಿ ಪಿನ್ನಿಯ ಮಗನೊಡನೆ ಟಾಮ್ ವೆಜ್‌ವುಡ್ ನೆವಿಸ್‌ಗೆ ಅತಿಥಿಯಾಗಿ ಹೊರಟ. ಗುಲಾಮಗಿರಿಯ ವಿರುದ್ಧ ಪ್ರಸಿದ್ಧ ಪದಕವನ್ನು ತಯಾರಿಸಿದ ಕುಂಬಾರಿಕೆಯ ಉದ್ಯಮಿ ಜೊಸಾಯ ವೆಜ್‌ವುಡ್‌ನ ಮಗ ಈತ. ಆಗ ಪಿನ್ನಿ ತನ್ನ ತೋಟದ ವ್ಯವಸ್ಥಾಪಕನಿಗೆ ಕಳುಹಿಸಿದ ಸೂಚನೆಗಳು ರಿಚರ್ಡ್ ಪೇರ್ಸ್ ಅವರ 1950ರ ಅಧ್ಯಯನದಿಂದ ಪ್ರಸಿದ್ಧವಾದವು. ಅತಿಥಿಯ ಎದುರಿಗೆ ಯಾರನ್ನೂ ಶಿಕ್ಷಿಸಬಾರದು, ಚಾಟಿಯ ಸದ್ದು ಅವನ ಕಿವಿಗೆ ಬೀಳುವಷ್ಟು ಹತ್ತಿರದಲ್ಲಿಯೂ ಶಿಕ್ಷಿಸಬಾರದು. ಗುಲಾಮರ ಆಡು, ಹಂದಿ, ಕೋಳಿಗಳನ್ನೂ ಅವರು ಬೆಳೆದುಕೊಳ್ಳುವ ತುಂಡು ನೆಲವನ್ನೂ ತೋರಿಸಬೇಕು. ಇಂಗ್ಲೆಂಡಿನ ಬಡವರಿಗಿಂತ ಇವರೇ ಸುಖಿಗಳೆಂದು ಮನಗಾಣಿಸಬೇಕು. ಹಾಗೆ ಮಾಡಿದರೆ ಅತಿಥಿ ಒಳ್ಳೆಯ ಅಭಿಪ್ರಾಯದೊಂದಿಗೆ ದ್ವೀಪ ಬಿಡುತ್ತಾನೆಂಬುದು ಲೆಕ್ಕಾಚಾರ.

ಈ ಪತ್ರವನ್ನು ತೋಟದ ಮನೆಯ ಆತಿಥ್ಯಶಾಸ್ತ್ರದ ಆದಿಪಠ್ಯವೆಂದೇ ಓದಬಹುದು. ಅದು ಹಿಂಸೆಯನ್ನು ನಿಲ್ಲಿಸುವಂತೆ ಹೇಳುವುದಿಲ್ಲ, ದೂರ ಸರಿಸುವಂತೆ ಹೇಳುತ್ತದೆ. ಇಂದಿನ ಅತಿಥಿಗೃಹದಲ್ಲಿ ಚಾಟಿಯಿಲ್ಲ, ಗುಲಾಮರಿಲ್ಲ. ಅಲ್ಲಿ ದುಡಿಯುವವರು ಸ್ವತಂತ್ರ ರಾಷ್ಟ್ರದ ಸಂಬಳದಾರರು. ಈ ಅಂತರವನ್ನು ಅಳಿಸಿ ಮಾತನಾಡುವುದು ಅನ್ಯಾಯವಾಗುತ್ತದೆ. ಆದರೆ ಅತಿಥಿಯ ಸಮಾಧಾನಕ್ಕೆಂದು ಸದ್ದನ್ನು ದೂರವಿಡುವ ಕ್ರಮ ಬದಲಾಗಿಲ್ಲ. ಅಂದು ಅಂತರವನ್ನು ಗಜಗಳಲ್ಲಿ ಅಳೆಯುತ್ತಿದ್ದರು, ಇಂದು ಅದನ್ನು ಮಾಹಿತಿಪುಸ್ತಿಕೆಯ ಭಾಷೆ ನೋಡಿಕೊಳ್ಳುತ್ತದೆ.

ತೋಟದ ಯಜಮಾನನ ಮನೆಗೆ ಅಲ್ಲಿ 'ಗ್ರೇಟ್ ಹೌಸ್' ಎಂದು ಹೆಸರು. ಅದನ್ನು ಕನ್ನಡಕ್ಕೆ ತಂದರೆ 'ಮಹಾಮನೆ' ಎಂದಾಗುತ್ತದೆ. ಕನ್ನಡದಲ್ಲಿ ಆ ಪದ ಕಲ್ಯಾಣದ ಬಸವಣ್ಣನ ಮನೆಯನ್ನು, ಅಲ್ಲಿ ನಡೆಯುತ್ತಿದ್ದ ದಾಸೋಹವನ್ನು ನೆನಪಿಗೆ ತರುತ್ತದೆ. ಎರಡೂ ಮನೆಗಳು ಅತಿಥಿಗಳಿಗೆ ಬಾಗಿಲು ತೆರೆದವುಗಳೇ. ಕೆರಿಬಿಯನ್ ತೋಟಗಾರರ ಔತಣಗಳು ಆ ಕಾಲದಲ್ಲಿ ಹೆಸರುವಾಸಿಯಾಗಿದ್ದವು. ಆದರೆ ಶರಣರ ಚಿಂತನೆಯಲ್ಲಿ ದಾಸೋಹಕ್ಕೆ ಕಾಯಕವೇ ಆಧಾರ. ಸ್ವಂತ ದುಡಿಮೆಯಿಂದ ಬಂದದ್ದು ಮಾತ್ರ ಅರ್ಪಣೆಗೆ ಅರ್ಹ. ಇನ್ನೊಬ್ಬರ ಬಲವಂತದ ದುಡಿಮೆಯಿಂದ ಉಣಿಸಿದ ಊಟ ಎಷ್ಟೇ ಉದಾರವಾಗಿದ್ದರೂ ಈ ಅಳತೆಗೋಲಿನಲ್ಲಿ ಆತಿಥ್ಯವೆನಿಸದು. ತೋಟದ ಮನೆಯ ಔದಾರ್ಯವನ್ನು ಪ್ರಶ್ನಿಸಲು ವಸಾಹತೋತ್ತರ ಸಿದ್ಧಾಂತವೊಂದೇ ದಾರಿಯಲ್ಲ; ಕನ್ನಡದ ಒಳಗೂ ಅದಕ್ಕೆ ಬೇಕಾದ ಪರಿಭಾಷೆಯಿದೆ.

4

ಸಾಹಿತ್ಯದ ಅಧ್ಯಾಪಕರಿಗೆ ಈ ವಿಷಯ ದೂರದ್ದೆಂದು ಕಾಣಬಹುದು. ವಸ್ತುಸ್ಥಿತಿ ಬೇರೆ. ಕನ್ನಡ ನವೋದಯದ ಕವಿಗಳು ಗುರುಗಳೆಂದು ಬಗೆದ ಇಂಗ್ಲಿಷ್ ರಮ್ಯ ಕವಿಗಳಿಗೂ ನೆವಿಸ್‌ನ ಸಕ್ಕರೆಗೂ ನೇರ ನಂಟಿದೆ. ವರ್ಡ್ಸ್‌ವರ್ತ್ 1795ರಲ್ಲಿ ಬ್ರಿಸ್ಟಲ್‌ನ ಪಿನ್ನಿಯ ಮನೆಯಲ್ಲಿ ಅತಿಥಿಯಾಗಿದ್ದ. ಅದೇ ವರ್ಷದಿಂದ 1797ರವರೆಗೆ ತಂಗಿ ಡೊರೊತಿಯೊಡನೆ ಅವನು ಬಾಡಿಗೆಯಿಲ್ಲದೆ ವಾಸಿಸಿದ ರೇಸ್‌ಡೌನ್ ಮನೆಯೂ ಪಿನ್ನಿ ಕುಟುಂಬದ್ದೇ. ಇತ್ತ ಕೋಲ್‌ರಿಜ್ 1795ರಲ್ಲಿ ಅದೇ ಬ್ರಿಸ್ಟಲ್‌ನಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಉಪನ್ಯಾಸ ಮಾಡಿ ಸಕ್ಕರೆ ಮತ್ತು ರಮ್ಮನ್ನು ತ್ಯಜಿಸಬೇಕೆಂದು ಕರೆಕೊಟ್ಟ. 1798ರಲ್ಲಿ ಅವನಿಗೆ ವರ್ಷಾಶನ ಗೊತ್ತುಮಾಡಿದವರಲ್ಲಿ ಒಬ್ಬ ಟಾಮ್ ವೆಜ್‌ವುಡ್. ಇದರಿಂದ ವರ್ಡ್ಸ್‌ವರ್ತ್‌ನ ಕಾವ್ಯ ಕಳಂಕಿತವಾಯಿತೆಂದು ತೀರ್ಮಾನಿಸುವುದು ಅವಿವೇಕ; ಗುಲಾಮಗಿರಿಯ ವಿರುದ್ಧದ ಹೋರಾಟವನ್ನು ಹಾಡಿದ ಕವಿಯೂ ಅವನೇ. ಆದರೆ ಪ್ರಕೃತಿಯ ಏಕಾಂತವೆಂದು ತರಗತಿಗಳಲ್ಲಿ ವರ್ಣಿತವಾಗುವ ಆ ಬಿಡುವಿಗೆ ಒಂದು ಆರ್ಥಿಕ ಭೂಗೋಳವಿತ್ತು, ಅದರ ಒಂದು ತುದಿ ನೆವಿಸ್‌ನ ಕಬ್ಬಿನ ಗದ್ದೆಯಲ್ಲಿತ್ತು ಎಂಬುದನ್ನು ಬಿಟ್ಟು ಪಾಠ ಮಾಡುವುದೂ ಅರ್ಧ ಪಾಠವೇ. ಜೇನ್ ಆಸ್ಟಿನ್‌ಳ ಕಾದಂಬರಿಯಲ್ಲಿ ಸುಳಿದು ಹೋಗುವ ಆಂಟಿಗುವಾ ತೋಟದ ಬಗ್ಗೆ ಎಡ್ವರ್ಡ್ ಸೈದ್ 1993ರಲ್ಲಿ ಎತ್ತಿದ ಪ್ರಶ್ನೆ ಇಂಥದ್ದೇ.

ದ್ವೀಪಗಳ ಲೇಖಕರು ಇದನ್ನು ಒಳಗಿನಿಂದಲೇ ಹೇಳಿದ್ದಾರೆ. ಆಂಟಿಗುವಾದ ಜಮೈಕಾ ಕಿನ್‌ಕೇಡ್ 1988ರ ತಮ್ಮ ಪುಟ್ಟ ಕೃತಿಯಲ್ಲಿ ಪ್ರವಾಸಿಯನ್ನೇ ನೇರವಾಗಿ ಸಂಬೋಧಿಸಿ, ಅವನು ನೋಡದೆ ಹೋಗುವುದನ್ನೆಲ್ಲ ಪಟ್ಟಿ ಮಾಡಿದರು. ಸೇಂಟ್ ಲೂಸಿಯಾದ ಡೆರೆಕ್ ವಾಲ್ಕಾಟ್ ಪಾಳುಬಿದ್ದ ತೋಟದ ಮನೆಯ ಬಗ್ಗೆ ಕವಿತೆ ಬರೆದರು; 1992ರ ನೊಬೆಲ್ ಭಾಷಣದಲ್ಲಿ ದ್ವೀಪಗಳು ಪ್ರವಾಸಿಗರಿಗಾಗಿ ತಮ್ಮನ್ನು ತಾವೇ ಮಾರಿಕೊಳ್ಳುವ ಬಗೆಯನ್ನು ವಿಷಾದದಿಂದ ಪ್ರಸ್ತಾಪಿಸಿದರು. ಅದೇ ಭಾಷಣ ಆರಂಭವಾಗುವುದು ಟ್ರಿನಿಡಾಡ್‌ನ ಹಳ್ಳಿಯೊಂದರ ರಾಮಲೀಲೆಯಿಂದ ಎಂಬುದು ಭಾರತೀಯ ಓದುಗರು ಮರೆಯಬಾರದ ಸಂಗತಿ. ನೆವಿಸ್‌ಗೂ 1874ರಲ್ಲಿ ಕೋಲ್ಕತ್ತದಿಂದ ಹಡಗೊಂದು ಮುನ್ನೂರಕ್ಕೂ ಹೆಚ್ಚು ಕರಾರು ಕೂಲಿಗಳನ್ನು ಹೊತ್ತು ಹೋಗಿತ್ತು.

5

ಈ ವಾದಕ್ಕೆ ಬರಬಹುದಾದ ಆಕ್ಷೇಪಗಳು ಲಘುವಾದವಲ್ಲ. ವಿಶ್ರಾಂತಿಗೆಂದು ಬಂದವರ ಮೇಲೆ ಪಾಪಪ್ರಜ್ಞೆ ಹೇರುವುದೇಕೆ ಎಂಬುದು ಒಂದು. ಈ ಮನೆಗಳು ಮುಚ್ಚಿದರೆ ಅನ್ನ ಕಳೆದುಕೊಳ್ಳುವವರು ಅದೇ ಗುಲಾಮರ ವಂಶಸ್ಥರಲ್ಲವೇ ಎಂಬುದು ಇನ್ನೊಂದು. ಅತಿಥಿಗೃಹವಾಗದಿದ್ದರೆ ಕಟ್ಟಡಗಳೇ ಉಳಿಯುತ್ತಿರಲಿಲ್ಲ ಎಂಬುದು ಮೂರನೆಯದು. ಮಾಂಟ್ರಾವರ್ಸ್‌ನ ಮನೆ ಕಾಡಿನ ನಡುವೆ ಪಾಳುಬಿದ್ದಿರುವುದನ್ನು ನೋಡಿದರೆ ಈ ಮಾತಿನಲ್ಲಿ ಹುರುಳಿದೆ. ಆದರೆ ಇವು ಮನೆಯನ್ನು ಮುಚ್ಚಬೇಕೆನ್ನುವವರಿಗೆ ಉತ್ತರಗಳೇ ಹೊರತು ಪೂರ್ಣ ಚರಿತ್ರೆಯನ್ನು ಹೇಳಬೇಕೆನ್ನುವವರಿಗಲ್ಲ. ನೆಲ್ಸನ್ನನ ಮದುವೆಯನ್ನು ಕೇಳಿ ಹಿಗ್ಗುವ ಅತಿಥಿ ಚರಿತ್ರೆಯಿಂದ ದೂರವಿರಲು ಬಂದವನಲ್ಲ. ಪಾಪಪ್ರಜ್ಞೆಯ ಮಾತಿಗಿಂತ ಲೆಕ್ಕದ ಮಾತು ಇಲ್ಲಿ ಮುಖ್ಯ. 1834ರಲ್ಲಿ ಗುಲಾಮಗಿರಿ ರದ್ದಾದಾಗ ಬ್ರಿಟಿಷ್ ಸರ್ಕಾರ 2 ಕೋಟಿ ಪೌಂಡು ಪರಿಹಾರ ಗೊತ್ತುಮಾಡಿದ್ದು ಗುಲಾಮರ ಯಜಮಾನರಿಗೆ. ಬಿಡುಗಡೆಯಾದವರಿಗೆ ಬಿಡಿಗಾಸೂ ಇಲ್ಲ, ಮೇಲಾಗಿ 1838ರವರೆಗೆ 'ತರಬೇತಿ'ಯ ಹೆಸರಿನ ಬಿಟ್ಟಿ ದುಡಿಮೆ. ಅದಕ್ಕಾಗಿ ಮಾಡಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ.

ಹೇಳುವುದು ಸಾಧ್ಯವೆಂಬುದಕ್ಕೂ ನಿದರ್ಶನವಿದೆ. ಪಿನ್ನಿ ಕುಟುಂಬದ ಕಾಗದಪತ್ರಗಳು, 1817ರಿಂದ ಆರಂಭವಾದ ಗುಲಾಮರ ನೋಂದಣಿ ಪಟ್ಟಿಗಳು ಇವುಗಳನ್ನು ಜೋಡಿಸಿ ಕ್ರಿಸ್ಟೀನ್ ಐಕೆಲ್ಮನ್ ಮಾಂಟ್ರಾವರ್ಸ್‌ನ ಗುಲಾಮರ ಜೀವನವೃತ್ತಾಂತಗಳನ್ನು ಒಬ್ಬೊಬ್ಬರಂತೆ ಕಟ್ಟಿಕೊಟ್ಟಿದ್ದಾರೆ. 1765ರಲ್ಲಿ ಹನ್ನೆರಡರ ವಯಸ್ಸಿನಲ್ಲಿ ಇಬ್ಬರು ತಂಗಿಯರೊಡನೆ ಪಿನ್ನಿಗೆ ಮಾರಾಟವಾಗಿ, ಮುಂದೆ ಬ್ರಿಸ್ಟಲ್‌ನಲ್ಲಿ ಯಜಮಾನನ ಸೇವಕನಾಗಿ 1798ರಲ್ಲಿ ತೀರಿಕೊಂಡ ಪೆರೊ ಎಂಬವನ ಹೆಸರಿನಲ್ಲಿ ಆ ನಗರದಲ್ಲಿ 1999ರಿಂದ ಒಂದು ಸೇತುವೆಯಿದೆ. ಲೆಕ್ಕದ ಪುಸ್ತಕದಲ್ಲಿ ಆಸ್ತಿಯ ಬಾಬತ್ತಾಗಿದ್ದ ಹೆಸರು ಮನುಷ್ಯನ ಹೆಸರಾದದ್ದು ಸಂಶೋಧನೆಯಿಂದ.

ಕನ್ನಡ ವಿಭಾಗಗಳು ಇದರಿಂದ ಪಡೆಯಬೇಕಾದ ಪಾಠ ಇಲ್ಲಿದೆ. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟದ ಬಂಗಲೆಗಳೂ ಇಂದು 'ಪಾರಂಪರಿಕ' ತಂಗುದಾಣಗಳಾಗಿವೆ. ಅಲ್ಲಿನ ದುಡಿಮೆಯನ್ನು ಕೆರಿಬಿಯನ್ ಗುಲಾಮಗಿರಿಗೆ ಸಮವೆನ್ನುವುದು ಚರಿತ್ರೆಗೆ ಮಾಡುವ ಅಪಚಾರ. ಆದರೂ ಬಂಗಲೆಯ ಜಗಲಿಯಿಂದ ಲೈನ್‌ಮನೆಗಳು ಕಾಣುವುದಿಲ್ಲ ಎಂಬ ಅಂಶದಲ್ಲಿ ಹೋಲಿಕೆಯಿದೆ. ಕನ್ನಡ ಕಾದಂಬರಿ ಮಾತ್ರ ಈ ತೋಟವನ್ನು ಬಹಳ ಹಿಂದೆಯೇ ಲೈನಿನ ಕಡೆಯಿಂದ ನೋಡಿತ್ತು. ಶಿವರಾಮ ಕಾರಂತರ 'ಚೋಮನ ದುಡಿ'ಯಲ್ಲಿ ಚೋಮನ ಮಕ್ಕಳು ಘಟ್ಟ ಹತ್ತಿ ಕಾಫಿ ತೋಟಕ್ಕೆ ಹೋಗುವುದು ಸಾಲ ತೀರಿಸಲು. ಒಬ್ಬ ಮಗ ಜ್ವರಕ್ಕೆ ಬಲಿಯಾಗುತ್ತಾನೆ, ಕೊನೆಗೆ ಸಾಲ ತೀರುವುದು ಮಗಳು ಬೆಳ್ಳಿಯ ದೇಹದ ಬೆಲೆಯಲ್ಲಿ. ಈ ಕೃತಿಯನ್ನು ವರ್ಷವರ್ಷವೂ ಪಾಠ ಹೇಳುವ ವಿಭಾಗಗಳು ತೋಟದ ಹಾಜರಿ ಪುಸ್ತಕಗಳನ್ನು, ಮುಂಗಡ ಸಾಲದ ಲೆಕ್ಕಗಳನ್ನು, ಹಿರಿಯ ಕಾರ್ಮಿಕರ ನೆನಪುಗಳನ್ನು, ಅವರು ತುಳು, ತಮಿಳು, ಯರವ ಮೊದಲಾದ ನುಡಿಗಳಲ್ಲಿ ಹಾಡುವ ಪದಗಳನ್ನು ಸಂಗ್ರಹಿಸುವ ಕೆಲಸವನ್ನು ಕ್ಷೇತ್ರಕಾರ್ಯದ ಭಾಗವಾಗಿ ಕೈಗೆತ್ತಿಕೊಳ್ಳಬೇಕು. ಬಂಗಲೆಗಳ ಚರಿತ್ರೆಯನ್ನು ಬರೆಯಲು ಮಾಲೀಕರೂ ಪ್ರವಾಸೋದ್ಯಮದವರೂ ಇದ್ದಾರೆ. ಲೈನ್‌ಮನೆಗಳ ಚರಿತ್ರೆಗೆ ಸಾಕ್ಷಿ ಹೇಳಬಲ್ಲ ಕೊನೆಯ ತಲೆಮಾರು ಇಂದು ಎಂಬತ್ತರ ಆಸುಪಾಸಿನಲ್ಲಿದೆ. ಈ ಕೆಲಸಕ್ಕೆ ಉಳಿದಿರುವ ಅವಧಿಯೂ ಅಷ್ಟೇ ಕಡಿಮೆ.